ಅಗೆಯದೆ ತೋಡುವ ಗುಂಡಿ: ಅಂಗಳದಲ್ಲಿ ತ್ರಿಡಿ ಚಿತ್ರ ಬಿಡಿಸುವ ಬಗೆ

ಹಬ್ಬಗಳು ಹತ್ತಿರ ಬಂದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. ನೆಲ ಬಾಯಿ ತೆರೆದಂತೆ ಕಾಣುವ ಆ ತ್ರಿಡಿ ಚಿತ್ರಗಳನ್ನು ಹೇಗೆ ಬಿಡಿಸುತ್ತಾರೆ? ಚಿತ್ರಕಲೆ ಕಲಿಯದವರಿಗೂ ಅದು ಸಾಧ್ಯವೇ?

ಸಾಧ್ಯ. ಚುಕ್ಕಿ ಇಟ್ಟು ರಂಗೋಲಿ ಹಾಕುವಷ್ಟು ಕೈ ಹಿಡಿತ, ಅಳತೆಪಟ್ಟಿ ಹಿಡಿಯುವ ತಾಳ್ಮೆ ಇದ್ದರೆ ಸಾಕು. ಇಲ್ಲಿ ಸೋಲುವವರಲ್ಲಿ ಹೆಚ್ಚಿನವರು ಬಣ್ಣದಲ್ಲಿ ಸೋಲುವುದಿಲ್ಲ. ನೋಡುವವನ ಕಣ್ಣು ಎಲ್ಲಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡದೆ ಸೋಲುತ್ತಾರೆ.

ಇಂತಹ ಚಿತ್ರಕ್ಕೆ ಅನಾಮಾರ್ಫಿಕ್ ಚಿತ್ರ ಎಂಬ ಹೆಸರಿದೆ. ಒಂದೇ ಒಂದು ಜಾಗದಿಂದ ನೋಡಿದಾಗ ಸರಿಯಾಗಿ ಕಾಣುವಂತೆ, ಬೇಕೆಂದೇ ಎಳೆದು ಹಿಗ್ಗಿಸಿದ ಚಿತ್ರ ಎಂದು ಅರ್ಥ. ಇದು ಹೊಸ ವಿದ್ಯೆಯಲ್ಲ. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಕೆಳಭಾಗದಲ್ಲಿ ಏನೋ ಒಂದು ಉದ್ದನೆಯ ಕಲೆ ಓರೆಯಾಗಿ ಬಿದ್ದಂತೆ ಕಾಣುತ್ತದೆ. ಚಿತ್ರದ ಬಲಬದಿಗೆ ಸರಿದು ಓರೆಯಿಂದ ನೋಡಿದರೆ ಅದು ತಲೆಬುರುಡೆ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಆಂಡ್ರಿಯಾ ಪೊಟ್ಸೊ 1685ರಲ್ಲಿ ಇಲ್ಲದ ಗುಮ್ಮಟವನ್ನು ಬಟ್ಟೆಯ ಮೇಲೆ ಬರೆದು ಚಾವಣಿಗೆ ಏರಿಸಿದ. ಎಲ್ಲಿ ನಿಂತು ನೋಡಬೇಕು ಎಂದು ತಿಳಿಸಲು ಅಲ್ಲಿ ನೆಲದಲ್ಲೇ ಗುರುತು ಹಾಕಿದ್ದಾರೆ. ಗುರುತು ಬಿಟ್ಟು ಮುಂದೆ ನಡೆದರೆ ಗುಮ್ಮಟ ಒಂದು ಕಡೆಗೆ ವಾಲಿಬಿಡುತ್ತದೆ. ನಾವು ಅಂಗಳದಲ್ಲಿ ಮಾಡುವುದೂ ಇದೇ ಕೆಲಸ, ಚಾವಣಿಯ ಬದಲು ನೆಲ ಅಷ್ಟೆ.

ಈ ಲೇಖನದಲ್ಲಿ 120 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದ, 50 ಸೆಂ.ಮೀ. ಆಳದ ಇಟ್ಟಿಗೆ ಗೋಡೆಯ ಗುಂಡಿಯೊಂದನ್ನು ಬಿಡಿಸೋಣ. ಮೊದಲ ಸಲಕ್ಕೆ ಗುಂಡಿಯೇ ಒಳ್ಳೆಯದು. ಮೇಲೆದ್ದು ನಿಲ್ಲುವ ವಸ್ತುಗಳು ನೆಲದಲ್ಲಿ ಬಹಳ ಉದ್ದಕ್ಕೆ ಎಳೆದುಕೊಳ್ಳುತ್ತವೆ, ಗುಂಡಿ ತನ್ನ ಚೌಕಟ್ಟಿನೊಳಗೇ ಇರುತ್ತದೆ. ಎಲ್ಲ ಅಳತೆಗಳನ್ನೂ ಲೆಕ್ಕ ಮಾಡಿಯೇ ಕೊಟ್ಟಿದ್ದೇನೆ.

ಏನೇನು ಬೇಕು

ಸಿಮೆಂಟಿನ ಅಥವಾ ಹಾಸುಗಲ್ಲಿನ ಸಮನಾದ ನೆಲ, ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ. ಅಳತೆಪಟ್ಟಿ, ಐದು ಮೀಟರಿನಷ್ಟು ಹತ್ತಿಯ ದಾರ, ಅಂಟುಪಟ್ಟಿ, ಬಿಳಿ ಸೀಮೆಸುಣ್ಣ. ಮೊಬೈಲ್ ಹಿಡಿದು ನಿಲ್ಲುವ ಟ್ರೈಪಾಡ್, ಅಂದರೆ ಮೂರು ಕಾಲಿನ ಸ್ಟ್ಯಾಂಡ್. ತೂಗುಗುಂಡು ಇದ್ದರೆ ಸರಿ. ಇಲ್ಲದಿದ್ದರೆ ದಾರದ ತುದಿಗೆ ಬೀಗದ ಕೈ ಕಟ್ಟಿಕೊಳ್ಳಿ. ಬಣ್ಣಕ್ಕೆ ರಂಗೋಲಿ ಪುಡಿ, ನುಣ್ಣಗೆ ಕುಟ್ಟಿದ ಇದ್ದಿಲು, ಕೆಮ್ಮಣ್ಣು ಸಾಕು. ಹಣ ಖರ್ಚು ಮಾಡುವ ಮನಸ್ಸಿದ್ದರೆ ಮೆದುವಾದ ಪೇಸ್ಟಲ್ ಕಡ್ಡಿಗಳನ್ನು ತನ್ನಿ. ಶಾಲೆಯ ಸೀಮೆಸುಣ್ಣ ಗೆರೆ ಎಳೆಯಲು ಮಾತ್ರ, ಅದರಿಂದ ಬಣ್ಣ ತುಂಬಲು ಹೋದರೆ ಎಲ್ಲವೂ ಪೇಲವವಾಗುತ್ತದೆ.

1. ಜಾಗವನ್ನೂ ಹೊತ್ತನ್ನೂ ಗೊತ್ತುಮಾಡಿ

ಫೋಟೊ ಎಷ್ಟು ಗಂಟೆಗೆ ತೆಗೆಯುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ. ಹಿಂದಿನ ದಿನ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಮರದ ಅಥವಾ ಕಾಂಪೌಂಡಿನ ನೆರಳು ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಸುಳ್ಳು ಗುಂಡಿಯ ಮೇಲೆ ನಿಜವಾದ ಕೊಂಬೆಯ ನೆರಳು ಚಪ್ಪಟೆಯಾಗಿ ಮಲಗಿದರೆ ಗುಟ್ಟು ರಟ್ಟಾದಂತೆಯೇ.

ರಸ್ತೆ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ವಾಹನ ಓಡಾಡುವಲ್ಲಿ ಗುಂಡಿಯ ಚಿತ್ರ ಬಿಡಿಸಿದರೆ, ಸ್ಕೂಟರಿನಲ್ಲಿ ಬರುವವರು ಒಮ್ಮೆಲೇ ಬ್ರೇಕ್ ಒತ್ತುತ್ತಾರೆ. ಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಕೆಲಸವನ್ನು ಕೆಲವರು ಇಲ್ಲಿ ಉದಾಹರಣೆಗೆ ತರುತ್ತಾರೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಅವರು ಮೊಸಳೆಯನ್ನು ಬಿಟ್ಟಿದ್ದು ನಿಜ, ಆದರೆ ಅಲ್ಲಿ ಗುಂಡಿ ಮೊದಲೇ ಇತ್ತು, ಮೊಸಳೆಯೂ ಚಿತ್ರವಲ್ಲ, ಫೈಬರಿನದು. ಇದ್ದ ಅಪಾಯವನ್ನು ಎತ್ತಿ ತೋರಿಸುವುದು ಬೇರೆ, ಇಲ್ಲದ ಅಪಾಯವನ್ನು ಇದ್ದಂತೆ ತೋರಿಸುವುದು ಬೇರೆ. ನಿಮ್ಮ ಅಂಗಳ, ತಾರಸಿ, ಶಾಲೆಯ ಮೈದಾನದ ಸಿಮೆಂಟು ಕಟ್ಟೆ ಇವೆಲ್ಲ ಆಗುತ್ತವೆ. ಇನ್ನೊಬ್ಬರ ಜಾಗವಾದರೆ ಕೇಳಿಯೇ ಬಿಡಿಸಿ.

2. ಕಣ್ಣನ್ನು ನೆಡಿ

ಟ್ರೈಪಾಡ್ ನಿಲ್ಲಿಸಿ ಮೊಬೈಲ್ ಸಿಕ್ಕಿಸಿ. ನೆಲದಿಂದ ಕ್ಯಾಮೆರಾದ ಮಸೂರಕ್ಕೆ ಸರಿಯಾಗಿ 150 ಸೆಂ.ಮೀ. ಇರಬೇಕು. ಮೊಬೈಲಿನ ನಡುವಿನಿಂದ ಅಳೆಯಬೇಡಿ, ಮಸೂರದಿಂದಲೇ ಅಳೆಯಿರಿ. ಇದು ನಮ್ಮ ಕಣ್ಣುಬಿಂದು. ಮಸೂರದ ನೇರಕ್ಕೆ ತೂಗುಗುಂಡು ಇಳಿಬಿಟ್ಟು ಅದು ನೆಲ ಮುಟ್ಟುವಲ್ಲಿ ಅಂಟುಪಟ್ಟಿಯಿಂದ ಅಡ್ಡ ಗುರುತು ಹಾಕಿ. ಇದನ್ನು ಪಾದಬಿಂದು ಎನ್ನೋಣ. ಮುಂದಿನ ಎಲ್ಲ ದೂರಗಳನ್ನೂ ಅಳೆಯುವುದು ಇಲ್ಲಿಂದಲೇ.

ಟ್ರೈಪಾಡಿನ ಮೂರೂ ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮಕ್ಕಳು ಓಡಾಡುವ ಜಾಗದಲ್ಲಿ ಅದು ಒಮ್ಮೆಯಾದರೂ ಅಲುಗುತ್ತದೆ ಎಂದೇ ಇಟ್ಟುಕೊಳ್ಳಿ.

150 ಸೆಂ.ಮೀ. ಏಕೆಂದರೆ, ನಿಂತ ವಯಸ್ಕರ ಕಣ್ಣು ಹೆಚ್ಚುಕಡಿಮೆ ಆ ಎತ್ತರಕ್ಕೆ ಬರುತ್ತದೆ. ಹೀಗಾಗಿ ಬಂದವರು ಟ್ರೈಪಾಡ್ ಇದ್ದ ಜಾಗದಲ್ಲಿ ನಿಂತು ಬರಿಗಣ್ಣಿನಿಂದಲೂ ನೋಡಬಹುದು.

3. ಹೊರಗಿನ ಚೌಕಟ್ಟು

ಪಾದಬಿಂದುವಿನಿಂದ ಚಿತ್ರದ ಕಡೆಗೆ ದಾರ ಬಿಗಿದು ನೇರ ಗೆರೆ ಎಳೆಯಿರಿ. ಇದು ನಡುಗೆರೆ. ಅದರ ಮೇಲೆ 200 ಸೆಂ.ಮೀ.ಗೆ ಒಂದು ಗುರುತು, 350 ಸೆಂ.ಮೀ.ಗೆ ಒಂದು ಗುರುತು. ಎರಡೂ ಕಡೆ ನಡುಗೆರೆಗೆ ಲಂಬವಾಗಿ ಅಡ್ಡಗೆರೆ ಎಳೆದು, ಎಡಕ್ಕೆ 60, ಬಲಕ್ಕೆ 60 ಸೆಂ.ಮೀ. ಗುರುತಿಸಿ ಆಯತ ಪೂರೈಸಿ.

ಮೂಲೆ ನಿಜವಾಗಿಯೂ ಮಟ್ಟವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರ ಹಳೆಯ ಉಪಾಯವಿದೆ. ಮೂಲೆಯಿಂದ ಒಂದು ಬದಿಗೆ 60, ಇನ್ನೊಂದು ಬದಿಗೆ 80 ಸೆಂ.ಮೀ. ಗುರುತು ಹಾಕಿ ಎರಡರ ನಡುವೆ ಅಳೆಯಿರಿ. 100 ಬಂದರೆ ಮೂಲೆ ಸರಿ.

ಈ ಆಯತವೇ ಗುಂಡಿಯ ಬಾಯಿ. ಇದನ್ನು ಹಿಗ್ಗಿಸಿಲ್ಲ, ಕುಗ್ಗಿಸಿಲ್ಲ ಎಂಬುದನ್ನು ಗಮನಿಸಿ. ನೆಲದ ಮಟ್ಟದಲ್ಲೇ ಇರುವ ಯಾವುದನ್ನೂ ತಿರುಚಬೇಕಾಗಿಲ್ಲ. ನೆಲಕ್ಕಿಂತ ಕೆಳಗೆ ಅಥವಾ ಮೇಲೆ ಇರುವಂತೆ ತೋರಬೇಕಾದದ್ದಕ್ಕೆ ಮಾತ್ರ ಲೆಕ್ಕ ಬೇಕು. ಇಡೀ ಚಿತ್ರವನ್ನೇ ಕಣ್ಣಳತೆಯಲ್ಲಿ ಎಳೆದು ಉದ್ದ ಮಾಡುವವರು ಎಡವುವುದು ಇಲ್ಲಿ.

4. ಆಳದ ಗೆರೆಗಳು

ಇನ್ನು ಬೆಳಕಿನ ಮಾತು. ನಿಜವಾದ ಗುಂಡಿ ಇದ್ದಿದ್ದರೆ ಅದರ ತಳದ ಒಂದು ಬಿಂದುವಿನಿಂದ ಹೊರಟ ಬೆಳಕು ನೇರವಾಗಿ ನಿಮ್ಮ ಕಣ್ಣಿಗೆ ಬರುವ ದಾರಿಯಲ್ಲಿ ನೆಲದ ಮಟ್ಟವನ್ನು ಎಲ್ಲೋ ಒಂದು ಕಡೆ ದಾಟುತ್ತಿತ್ತು. ಆ ದಾಟುವ ಜಾಗದಲ್ಲಿ ಬಣ್ಣ ಹಚ್ಚಿದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ನೀವು ನೋಡಿರಬಹುದು. ಬೆಳಕು ನೇರ ದಾರಿ ಬಿಡುವುದಿಲ್ಲ, ಒಂದು ಸಣ್ಣ ಕಿಂಡಿಯ ಮೂಲಕ ಹಾಯುತ್ತದೆ ಎಂಬುದೇ ಅಲ್ಲಿಯ ವಿಷಯ. ನಮ್ಮ ಕೆಲಸದಲ್ಲಿ ಆ ಕಿಂಡಿಯ ಸ್ಥಾನದಲ್ಲಿ ಕಣ್ಣುಬಿಂದು ಇದೆ.

ಲೆಕ್ಕ ಸುಲಭ. ಬಿಂದುವಿನ ನಿಜವಾದ ದೂರವನ್ನು ಕಣ್ಣಿನ ಎತ್ತರದಿಂದ ಗುಣಿಸಿ, ಕಣ್ಣಿನ ಎತ್ತರ ಮತ್ತು ಗುಂಡಿಯ ಆಳ ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ. ನಮ್ಮ ಗುಂಡಿಯ ಆಚೆ ತುದಿಯ ತಳ ಪಾದಬಿಂದುವಿನಿಂದ 350 ಸೆಂ.ಮೀ. ದೂರ, 50 ಸೆಂ.ಮೀ. ಆಳ. 350ನ್ನು 150ರಿಂದ ಗುಣಿಸಿ 200ರಿಂದ ಭಾಗಿಸಿದರೆ 262.5. ಅಂದರೆ ಆ ಅಂಚನ್ನು ನೆಲದ ಮೇಲೆ 262.5 ಸೆಂ.ಮೀ.ನಲ್ಲಿ ಎಳೆಯಬೇಕು. ಅಗಲಕ್ಕೂ ಇದೇ ಪ್ರಮಾಣ, 120 ಇದ್ದದ್ದು 90 ಆಗುತ್ತದೆ.

ಹೀಗೆ ಮಾಡಿ. ನಡುಗೆರೆಯ ಮೇಲೆ 262.5 ಸೆಂ.ಮೀ.ಗೆ ಗುರುತು ಹಾಕಿ, ಎಡಬಲಕ್ಕೆ ತಲಾ 45 ಸೆಂ.ಮೀ. ಅಳೆದು ಅಡ್ಡಗೆರೆ ಎಳೆಯಿರಿ. ಅದರ ಎರಡೂ ತುದಿಗಳಿಂದ ನಿಮ್ಮ ಕಡೆಗೆ, 200ರ ಗೆರೆಯವರೆಗೆ, ನಡುಗೆರೆಗೆ ಸಮಾನಾಂತರವಾಗಿ ಎರಡು ಗೆರೆ ಎಳೆಯಿರಿ. ಈಗ ಒಳಗೊಂದು ಸಣ್ಣ ಆಯತ ಬಂತು. ಅದು ಗುಂಡಿಯ ತಳದಲ್ಲಿ ಕಣ್ಣಿಗೆ ಕಾಣುವ ಭಾಗ. ನಿಮ್ಮ ಕಡೆಯ ಗೋಡೆ ಈಚೆಯ ಅಂಚಿನ ಮರೆಯಲ್ಲಿರುವುದರಿಂದ ಅದನ್ನು ಬಿಡಿಸಬೇಕಾಗಿಲ್ಲ. ಕೊನೆಗೆ ಆ ಆಯತದ ಆಚೆಯ ಎರಡು ಮೂಲೆಗಳನ್ನು ಹೊರ ಚೌಕಟ್ಟಿನ ಆಚೆಯ ಎರಡು ಮೂಲೆಗಳಿಗೆ ಸೇರಿಸಿ. ಈ ಎರಡು ಓರೆಗೆರೆಗಳು ಗೋಡೆಗಳು ಕೂಡುವ ಮೂಲೆಗಳು.

ಪರೀಕ್ಷೆ ಬೇಕೆ? ದಾರದ ಒಂದು ತುದಿಯನ್ನು ಪಾದಬಿಂದುವಿನಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಆಚೆ ಮೂಲೆಗೆ ಎಳೆಯಿರಿ. ಓರೆಗೆರೆ ದಾರದ ಅಡಿಯಲ್ಲೇ ಕೂತಿರಬೇಕು. ಗುಂಡಿಯಲ್ಲಿ ನೆಟ್ಟಗೆ ಇಳಿಯುವ ಪ್ರತಿಯೊಂದು ಗೆರೆಯೂ ನೆಲದ ಚಿತ್ರದಲ್ಲಿ ಪಾದಬಿಂದುವಿನ ಕಡೆಗೇ ಮುಖ ಮಾಡಿರುತ್ತದೆ. ಈ ಒಂದು ನಿಯಮ ಗೊತ್ತಿದ್ದರೆ ಅರ್ಧ ಲೆಕ್ಕ ಉಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿ ಮೊಬೈಲ್ ಪರದೆ ನೋಡಿ. ಬರೀ ಗೆರೆಗಳಲ್ಲೇ ಗುಂಡಿ ಕಾಣಬೇಕು. ಕಾಣದಿದ್ದರೆ ಬಣ್ಣ ಹಚ್ಚಿ ಸರಿಮಾಡಬಹುದೆಂಬ ಆಸೆ ಬೇಡ. ಗೆರೆಗಳನ್ನು ಮತ್ತೆ ಅಳೆಯಿರಿ.

ಗುಂಡಿ ಇನ್ನೂ ಆಳವಾಗಿರಲಿ ಎಂದು 100 ಸೆಂ.ಮೀ. ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗ ಆಚೆಯ ತಳ 210ಕ್ಕೆ ಬಂದು ನಿಲ್ಲುತ್ತದೆ. 200ಕ್ಕೆ ಈಚೆಯ ಅಂಚು ಇರುವುದರಿಂದ ತಳ ಹತ್ತು ಸೆಂ.ಮೀ. ಮಾತ್ರ ಕಾಣುತ್ತದೆ. ತಳ ಕಾಣದ ಗುಂಡಿ ಎಷ್ಟು ಆಳ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಬರೀ ಗೋಡೆ ಮಲಗಿದಂತಿರುತ್ತದೆ. ಆಳ ಹೆಚ್ಚಬೇಕಾದರೆ ಉದ್ದವೂ ಹೆಚ್ಚಬೇಕು.

5. ಇಟ್ಟಿಗೆ ಸಾಲುಗಳು

ಎದುರಿನ ಗೋಡೆ 262.5ರಿಂದ 350ರವರೆಗೆ ಚಾಚಿದೆ. ಅದರಲ್ಲಿ 10 ಸೆಂ.ಮೀ. ಎತ್ತರದ ಐದು ಇಟ್ಟಿಗೆ ಸಾಲು ಬರಬೇಕು. ಐದು ಸಮಭಾಗ ಮಾಡಿದಿರೋ ಕೆಟ್ಟಿರಿ. ಗೋಡೆ ಕೂಡಲೇ ಹಿಂದಕ್ಕೆ ವಾಲಿದ ಇಳಿಜಾರಾಗುತ್ತದೆ. ಸರಿಯಾದ ಗುರುತುಗಳು ಮೇಲಿನಿಂದ ಹೀಗೆ: 350, 328, 309, 292, 276, 262.5. ಮೊದಲ ಸಾಲು 22 ಸೆಂ.ಮೀ., ಕೊನೆಯದು 14 ಸೆಂ.ಮೀ.ಗಿಂತ ಕಡಿಮೆ. ನೆಲದ ಮೇಲೆ ನಿಂತು ನೋಡಿದರೆ ಮೇಲಿನ ಇಟ್ಟಿಗೆಗಳು ಊದಿಕೊಂಡಂತೆ ಕಾಣುತ್ತವೆ. ಮೊಬೈಲಿನಲ್ಲಿ ಎಲ್ಲವೂ ಒಂದೇ ಸಮ.

ಇಟ್ಟಿಗೆಗಳ ನಡುವಿನ ನಿಲುವು ಗೆರೆಗಳಿಗೆ ಲೆಕ್ಕವೇ ಬೇಡ. 350ರ ಗೆರೆಯ ಮೇಲೆ 20 ಸೆಂ.ಮೀ.ಗೊಂದು ಗುರುತು ಹಾಕಿ, ಪ್ರತಿ ಗುರುತಿಗೂ ಪಾದಬಿಂದುವಿನಿಂದ ದಾರ ಬಿಗಿದು ಗೆರೆ ಎಳೆಯುತ್ತಾ ಹೋಗಿ. ಸಾಲು ಬಿಟ್ಟು ಸಾಲು ಅರ್ಧ ಇಟ್ಟಿಗೆ ಸರಿಸುವುದನ್ನು ಮರೆಯಬೇಡಿ. ಒಂದರ ಮೇಲೊಂದು ಸಂದು ಬಂದರೆ ಗಾರೆಯವರು ನಕ್ಕಾರು. ಪಕ್ಕದ ಗೋಡೆಗಳ ಅಡ್ಡ ಸಾಲುಗಳು ಎದುರು ಗೋಡೆಯ ಸಾಲುಗಳು ಓರೆಗೆರೆಯನ್ನು ಮುಟ್ಟಿದ ಜಾಗದಿಂದಲೇ ಹೊರಟು, ನಡುಗೆರೆಗೆ ಸಮಾನಾಂತರವಾಗಿ ನಿಮ್ಮ ಕಡೆಗೆ ಬರುತ್ತವೆ. ತಳಕ್ಕೆ ಚೌಕ ಹಾಸು ಬೇಕೆನಿಸಿದರೆ 30 ಸೆಂ.ಮೀ. ಟೈಲು ಎಲ್ಲ ಕಡೆಯೂ 22.5 ಸೆಂ.ಮೀ. ಆಗುತ್ತದೆ, ಅಲ್ಲಿ ಹಿಗ್ಗು ಕುಗ್ಗು ಇಲ್ಲ.

6. ಹಲಗೆ (ಬೇಕಿದ್ದರೆ)

ಗುಂಡಿಗೆ ಅಡ್ಡಲಾಗಿ ಹಲಗೆಯೊಂದನ್ನು ಬಿಡಿಸಿದರೆ ಮಕ್ಕಳು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಅದು ನೆಲದ ಮಟ್ಟದಲ್ಲೇ ಇರುವುದರಿಂದ ಇದ್ದ ಅಳತೆಯಲ್ಲೇ ಎಳೆಯಿರಿ, 300ರಿಂದ 320ರವರೆಗೆ. ಹಲಗೆಗೆ 4 ಸೆಂ.ಮೀ. ದಪ್ಪ ಇದೆ ಎಂದುಕೊಂಡರೆ ನಿಮ್ಮ ಕಡೆಯ ಅಂಚಿಗೆ ತಾಗಿದಂತೆ ಸುಮಾರು 8 ಸೆಂ.ಮೀ. ಪಟ್ಟಿಯೊಂದನ್ನು ಕಡು ಕಂದು ಬಣ್ಣದಲ್ಲಿ ತುಂಬಿ. ಹಲಗೆಯನ್ನು 262ರ ಗೆರೆಯ ಮೇಲೆ ಮಾತ್ರ ತರಬೇಡಿ. ತಳವೂ ಗೋಡೆಯೂ ಕೂಡುವ ಆ ಗೆರೆ ಮುಚ್ಚಿದರೆ ಆಳದ ಸುಳಿವೇ ಹೋಗುತ್ತದೆ.

7. ಬೆಳಕು, ನೆರಳು, ಬಣ್ಣ

ಗುಂಡಿಯನ್ನು ಒಟ್ಟಾರೆ ಕಪ್ಪು ಬಳಿಯುವುದು ಎಲ್ಲರೂ ಮಾಡುವ ತಪ್ಪು. ಕಪ್ಪು ಬಳಿದರೆ ಅದು ನೆಲಕ್ಕೆ ಹಾಸಿದ ಕಪ್ಪು ಬಟ್ಟೆ. ಬಿಸಿಲು ಎಡದಿಂದ ಬರುತ್ತಿದ್ದರೆ ಎಡಗೋಡೆಗೆ ಬಿಸಿಲು ತಾಗದು, ಅದು ಎಲ್ಲಕ್ಕಿಂತ ಕಪ್ಪು. ಬಲಗೋಡೆಯ ಮೇಲ್ಭಾಗಕ್ಕೆ ಬಿಸಿಲು ಬೀಳುತ್ತದೆ, ಅಲ್ಲಿ ಕೆಮ್ಮಣ್ಣಿಗೆ ಸ್ವಲ್ಪ ಬಿಳಿ ಬೆರೆಸಿ. ಎದುರು ಗೋಡೆ ಇವೆರಡರ ನಡುವೆ. ಮೂರೂ ಗೋಡೆಗಳು ಕೆಳಗಿಳಿದಂತೆ ಕಪ್ಪಾಗುತ್ತಾ ಹೋಗಲಿ. ಇದ್ದಿಲ ಪುಡಿಯನ್ನು ಬೆರಳಿನಿಂದ ಉಜ್ಜಿ ಹರಡಿದರೆ ಗೆರೆ ಬೀಳದೆ ಬಣ್ಣ ಇಳಿಯುತ್ತದೆ. ತಳದಲ್ಲಿ ಎಡಬದಿಗೆ ನೆರಳು, ಬಲಬದಿಗೆ ಸ್ವಲ್ಪ ಬೆಳಕು.

ಬಾಯಿಯ ಅಂಚಿಗೆ ಹೆಚ್ಚು ಸಮಯ ಕೊಡಿ. ಆಚೆಯ ಅಂಚಿನ ಕೆಳಗೆ ಅಂಗಳದ ಸಿಮೆಂಟಿನದೇ ಬಣ್ಣದ ತೆಳು ಪಟ್ಟಿ ಎಳೆದು, ಅದರ ಕೆಳಗೆ ಸಪೂರ ಕಪ್ಪು ಗೆರೆ ಕೊಡಿ. ಸಿಮೆಂಟಿನ ಪದರವನ್ನೇ ಕತ್ತರಿಸಿ ತೆಗೆದಂತೆ ಕಾಣುತ್ತದೆ. ಹೊರಗಡೆ ಒಂದು ಚೂರು ಪುಡಿ ಚೆಲ್ಲಿದ್ದರೂ ಒದ್ದೆ ಬಟ್ಟೆಯಿಂದ ಒರೆಸಿ. ಅಂಚು ಮಸುಕಾದರೆ ಎಷ್ಟು ಲೆಕ್ಕ ಮಾಡಿದ್ದರೂ ವ್ಯರ್ಥ.

ಕೆಲಸವನ್ನು ಆಚೆ ತುದಿಯಿಂದ ಆರಂಭಿಸಿ ಹಿಂದಕ್ಕೆ ಸರಿಯುತ್ತಾ ಬನ್ನಿ. ಇಲ್ಲದಿದ್ದರೆ ನಿಮ್ಮ ಮಂಡಿಯೇ ನಿಮ್ಮ ಚಿತ್ರವನ್ನು ಅಳಿಸುತ್ತದೆ. ಬಗ್ಗಿ ಕೂತಾಗ ಎಲ್ಲವೂ ವಿಕಾರವಾಗಿ ಕಾಣುತ್ತದೆ, ಕೈ ತಾನಾಗಿ ಅದನ್ನು ತಿದ್ದಲು ಹೋಗುತ್ತದೆ. ತಿದ್ದಬೇಡಿ. ಎದ್ದು ಹೋಗಿ ಮೊಬೈಲಿನಲ್ಲಿ ನೋಡಿ, ಬಂದು ಮುಂದುವರಿಸಿ.

ಬಣ್ಣದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಇಟಲಿಯಲ್ಲಿ ಚರ್ಚುಗಳ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೇವರ ಚಿತ್ರ ಬಿಡಿಸುವವರಿಗೆ ಮಡೊನ್ನಾರಿ ಎನ್ನುತ್ತಾರೆ; ಗ್ರಾಟ್ಸಿಯೆ ಎಂಬ ಹಳ್ಳಿಯಲ್ಲಿ 1973ರಿಂದ ಅವರದೇ ಒಂದು ಉತ್ಸವ ನಡೆಯುತ್ತಿದೆ. ಮೊದಲು ನಾಸಾದಲ್ಲಿ ಚಿತ್ರಗಾರರಾಗಿದ್ದ ಅಮೆರಿಕದ ಕರ್ಟ್ ವೆನ್ನರ್ ಈ ಪರಂಪರೆಗೆ ಸೇರಿಕೊಂಡು, ಚರ್ಚಿನ ಚಾವಣಿಗಳ ಲೆಕ್ಕವನ್ನು 1980ರ ದಶಕದಲ್ಲಿ ಕಾಲುದಾರಿಗೆ ಇಳಿಸಿದರು. ಇಂದು ಜಗತ್ತಿನಾದ್ಯಂತ ಕಾಣುವ ತ್ರಿಡಿ ನೆಲಚಿತ್ರಗಳ ಮೂಲ ಅದು. ವೆನ್ನರ್ ಅವರ ಚಿತ್ರಗಳಲ್ಲಿ ಲೆಕ್ಕವಷ್ಟೇ ಅಲ್ಲ, ಮೈಕೈ ತುಂಬಿದ ನೆರಳು ಬೆಳಕೂ ಇದೆ. ನನ್ನ ಮಟ್ಟಿಗೆ, ನಂತರ ಬಂದ ಎಷ್ಟೋ ಜಾಹೀರಾತು ಚಿತ್ರಗಳು ಸಪ್ಪೆ ಎನಿಸುವುದು ಆ ಎರಡನೆಯದು ಇಲ್ಲದ್ದರಿಂದ.

8. ಫೋಟೊ

ಕಣ್ಣುಬಿಂದುವಿನಿಂದಲೇ ತೆಗೆಯಿರಿ. ಜೂಮ್ ಮಾಡಿದರೆ ದೃಶ್ಯ ಕತ್ತರಿಸಿದಂತಾಗುತ್ತದೆಯೇ ಹೊರತು ಚಿತ್ರ ಕೆಡದು. ಮೊಬೈಲನ್ನು ಅರ್ಧ ಮೀಟರ್ ಅತ್ತಿತ್ತ ಸರಿಸಿದರೆ ಕೆಡುತ್ತದೆ. 0.5 ಎಂದು ತೋರಿಸುವ ವಿಶಾಲ ಮಸೂರ ಬೇಡ, ಅದು ಅಂಚಿನ ನೇರ ಗೆರೆಗಳನ್ನು ಎಳೆದುಬಿಡುತ್ತದೆ. 1ರಲ್ಲೇ ಇರಲಿ. ಇಡೀ ಚಿತ್ರ ಪರದೆಯಲ್ಲಿ ಹಿಡಿಯದಿದ್ದರೆ ಹಿಂದೆ ಸರಿಯಬೇಡಿ, ಮೊಬೈಲನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ. ತಿರುಗಿಸಿದ ಮೇಲೆ ಮಸೂರದ ಎತ್ತರವನ್ನು ಮತ್ತೊಮ್ಮೆ ಅಳೆದು 150ಕ್ಕೆ ತನ್ನಿ.

ಜನ ನಿಲ್ಲಬೇಕಾದದ್ದು ಚೌಕಟ್ಟಿನ ಹೊರಗೆ ಅಥವಾ ಹಲಗೆಯ ಮೇಲೆ. ಅಂಚಿನಲ್ಲಿ ಇಣುಕಿ ನೋಡುವಂತೆ ಬಗ್ಗಿದರೆ ಚೆನ್ನ. ಬರಿಯ ತಳದ ಚಿತ್ರದ ಮೇಲೆ ಹೆಜ್ಜೆ ಇಟ್ಟರೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ. ಅದೇ ಬೇಕಿದ್ದರೆ ಬೇರೆ ಮಾತು.

ಮೊಬೈಲಿನಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಕಣ್ಣಿಗೆ ಏಕೆ ಹಾಗೆ ಕಾಣುವುದಿಲ್ಲ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು. ನಮ್ಮ ಎರಡು ಕಣ್ಣುಗಳು ಸ್ವಲ್ಪ ಅಂತರದಲ್ಲಿರುವುದರಿಂದ ಎರಡು ಬೇರೆ ಬೇರೆ ದೃಶ್ಯಗಳನ್ನು ಹಿಡಿಯುತ್ತವೆ, ಅವನ್ನು ಹೋಲಿಸಿದ ಮಿದುಳು ನೆಲ ಚಪ್ಪಟೆ ಎಂದು ಪತ್ತೆ ಮಾಡುತ್ತದೆ. ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ ನೋಡಲು ಹೇಳಿ. ಚಿತ್ರ ದೊಡ್ಡದಾಗಿ ದೂರವಾದಷ್ಟೂ ಎರಡು ಕಣ್ಣಿನ ಈ ಅಡ್ಡಿ ಕಡಿಮೆ. ಜರ್ಮನಿಯ ಎಡ್ಗರ್ ಮ್ಯೂಲರ್ 2008ರಲ್ಲಿ ಐರ್ಲೆಂಡಿನ ಡನ್ ಲೇರಿಯಲ್ಲಿ ಬಿಡಿಸಿದ ಹಿಮದ ಬಿರುಕಿನಂತಹ ಚಿತ್ರಗಳು ಅಷ್ಟು ವಿಸ್ತಾರವಾಗಿರುವುದರ ಲಾಭಗಳಲ್ಲಿ ಇದೂ ಒಂದು.

ಗುಂಡಿ ಆಯಿತು, ಪೆಟ್ಟಿಗೆ?

ಮೇಲೆದ್ದ ವಸ್ತುವಿಗೂ ಅದೇ ಲೆಕ್ಕ, ಕೂಡಿಸುವ ಕಡೆ ಕಳೆಯಬೇಕು ಅಷ್ಟೆ. 40 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು 220ರಲ್ಲಿ ಇಟ್ಟಂತೆ ತೋರಿಸಬೇಕೆಂದುಕೊಳ್ಳಿ. 150ನ್ನು 120ರಿಂದ ಭಾಗಿಸಿದರೆ 1.25. ಪೆಟ್ಟಿಗೆಯ ಮೇಲ್ಮುಖ 275ರಿಂದ 325ರವರೆಗೆ, 50 ಸೆಂ.ಮೀ. ಅಗಲದ ಚೌಕ. ಎದುರು ಮುಖ 220ರಲ್ಲಿ 40 ಸೆಂ.ಮೀ. ಅಗಲದಿಂದ ಹೊರಟು 275ರಲ್ಲಿ 50 ಆಗುತ್ತದೆ. ಅದರ ಓರೆ ಅಂಚುಗಳು ಮತ್ತೆ ಪಾದಬಿಂದುವಿನ ಕಡೆಗೇ. ನೆಲಕ್ಕೆ ಬೀಳುವ ನೆರಳನ್ನು ಮಾತ್ರ ಹಿಗ್ಗಿಸಬೇಡಿ, ಅದು ನೆಲದ ಮಟ್ಟದ್ದು.

ಎತ್ತರ ಹೆಚ್ಚಿಸುವ ಆಸೆಗೆ ಮಿತಿ ಇರಲಿ. ಅದೇ 220ರಲ್ಲಿ 100 ಸೆಂ.ಮೀ. ಎತ್ತರದ ವಸ್ತು ತೋರಿಸಬೇಕಾದರೆ ಅದರ ತಲೆ 660 ಸೆಂ.ಮೀ.ಗೆ ಹೋಗುತ್ತದೆ. ಕಣ್ಣಿನಷ್ಟೇ ಎತ್ತರದ ವಸ್ತುವನ್ನಂತೂ ನೆಲದಲ್ಲಿ ತೋರಿಸಲು ಬರುವುದೇ ಇಲ್ಲ. ನೆಲದ ಜೊತೆಗೆ ಗೋಡೆಯೂ ಸೇರಿದರೆ ಎತ್ತರ ಸಿಗುತ್ತದೆ, ಆದರೆ ಆಗ ಕೈಲೆಕ್ಕ ಬಿಟ್ಟು ರಾತ್ರಿ ಪ್ರೊಜೆಕ್ಟರನ್ನು ಕಣ್ಣುಬಿಂದುವಿನಲ್ಲಿಟ್ಟು, ಬಿದ್ದ ಬೆಳಕಿನ ಅಂಚನ್ನೇ ಸೀಮೆಸುಣ್ಣದಲ್ಲಿ ಹಿಡಿಯುವುದು ಸುಲಭ. ಸ್ವಿಟ್ಜರ್ಲೆಂಡಿನ ಫೆಲಿಚೆ ವಾರಿನಿ ಕಟ್ಟಡಗಳ ಮೇಲೆ ಆಕೃತಿಗಳನ್ನು ಹರಡುವುದು ಈ ಬಗೆಯಲ್ಲೇ. ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಗೋಡೆ, ಬುರುಜುಗಳ ಮೇಲೆ 2018ರಲ್ಲಿ ಚೂರುಚೂರಾಗಿ ಅಂಟಿಸಿದ ಅವರ ಹಳದಿ ಪಟ್ಟಿಗಳು ಒಂದು ಜಾಗದಲ್ಲಿ ನಿಂತರೆ ಒಂದರೊಳಗೊಂದು ಪೂರ್ಣ ವೃತ್ತಗಳಾಗುತ್ತಿದ್ದವು.

ಅಳಿಸುವಾಗ

ನೇರವಾಗಿ ನೀರು ಸುರಿಯಬೇಡಿ. ಇದ್ದಿಲು, ಕೆಮ್ಮಣ್ಣು ಎರಡೂ ಒದ್ದೆಯಾದರೆ ಸಿಮೆಂಟಿನ ಸಣ್ಣ ರಂಧ್ರಗಳಿಗೆ ಇಳಿದು ಕಲೆ ನಿಲ್ಲುತ್ತದೆ. ಮೊದಲು ಒಣಗಿದ್ದಂತೆಯೇ ಪೊರಕೆಯಿಂದ ಗುಡಿಸಿ, ಪುಡಿಯನ್ನು ಮೊರಕ್ಕೆ ತುಂಬಿಕೊಳ್ಳಿ, ಆಮೇಲೆ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿ. ಎನಾಮೆಲ್ ಪೇಂಟಿನಲ್ಲಿ ಬಿಡಿಸಿದವರಿಗೆ ಈ ಸಲಹೆ ಉಪಯೋಗಕ್ಕೆ ಬರದು. ಆ ಪೇಂಟು ಮಳೆಗಾಲದಲ್ಲಿ ಕಾಲು ಜಾರಿಸುತ್ತದೆ ಎಂಬುದನ್ನು ಹಚ್ಚುವ ಮೊದಲೇ ಯೋಚಿಸಿ.